ದಪ್ಪಗಟ್ಟಿದ ಹೃದಯ ಮತ್ತೆ ತೆಳುವಾಗುತ್ತದೆ!

ಅಣುಬಾಂಬಿಗೂ ನಿಮ್ಮ ಎದೆಬಡಿತಕ್ಕೂ ನಂಟಿದೆ ಎಂದರೆ ನಂಬುತ್ತೀರಾ? ನಂಬಲೇಬೇಕು! 1950ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟಗಳು ಪೈಪೋಟಿಗೆ ಬಿದ್ದು ಬಯಲಿನಲ್ಲಿ ಬಾಂಬು ಸಿಡಿಸಿದವಲ್ಲ, ಆಗ ಇಡೀ ಭೂಮಿಯ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿಬಿಟ್ಟಿತು. 1963ರಲ್ಲಿ ಬಯಲು ಪರೀಕ್ಷೆಗಳಿಗೆ ತಡೆ ಬಿದ್ದ ಮೇಲೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಗಾಳಿಯ ಇಂಗಾಲ ಪೈರಿಗೆ, ಪೈರಿನಿಂದ ಅನ್ನಕ್ಕೆ, ಅನ್ನದಿಂದ ನಮ್ಮ ಮೈಯ ಹೊಸ ಕೋಶಗಳ ಡಿಎನ್‌ಎಗೆ ಸೇರುತ್ತದೆ. ಅಂದರೆ ಕೋಶವೊಂದು ಯಾವ ಕಾಲದಲ್ಲಿ ಹುಟ್ಟಿತು ಎಂಬುದು ಅದರೊಳಗಿನ ಇಂಗಾಲದಲ್ಲೇ ದಾಖಲಾಗಿರುತ್ತದೆ! ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ಮತ್ತು ಸಂಗಡಿಗರು ಈ ದಾಖಲೆಯನ್ನು ಮನುಷ್ಯರ ಹೃದಯದಲ್ಲಿ ಓದಿ 2009ರಲ್ಲಿ ಪ್ರಕಟಿಸಿದರು. ಇಪ್ಪತ್ತೈದರ ಹರೆಯದಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಮಾತ್ರ ಹೊಸದಾಗುತ್ತದೆ. ಎಪ್ಪತ್ತೈದರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಕೆಂಪು ರಕ್ತಕಣ ನಾಲ್ಕು ತಿಂಗಳಿಗೆ ಸತ್ತು ಇನ್ನೊಂದು ಬರುತ್ತದೆ. ಹೃದಯದಲ್ಲಾದರೋ ಇಡೀ ಆಯುಷ್ಯ ಕಳೆದರೂ ಅರ್ಧದಷ್ಟು ಕೋಶಗಳೂ ಬದಲಾಗುವುದಿಲ್ಲ. ತಾಯಿಯ ಮಡಿಲಲ್ಲಿದ್ದಾಗ ಬಡಿಯುತ್ತಿದ್ದ ಕೋಶಗಳೇ ಬಹುಪಾಲು ಈಗಲೂ ಬಡಿಯುತ್ತಿವೆ!

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ರಕ್ತದೊತ್ತಡದ ಕಡೆಗೆ ಬನ್ನಿ. ನಾವು ದಿನಬಳಕೆಯಲ್ಲಿ ‘ಬಿ.ಪಿ.’ ಎನ್ನುವ ಆ 120 ಎಂಬ ಅಂಕಿ ಎಷ್ಟು ದೊಡ್ಡದು ಗೊತ್ತೇ? ಇಂಗ್ಲೆಂಡಿನ ಟೆಡ್ಡಿಂಗ್ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್, ಕುದುರೆಯೊಂದರ ಅಪಧಮನಿಗೆ ಹಿತ್ತಾಳೆಯ ಕೊಳವೆ ಸಿಕ್ಕಿಸಿ, ಅದಕ್ಕೆ ನೆಟ್ಟಗೆ ಗಾಜಿನ ಕೊಳವೆ ನಿಲ್ಲಿಸಿ ನೋಡಿದ. ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿತು! 1733ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಲೆಕ್ಕ ಇದೆ. ರಕ್ತದೊತ್ತಡವನ್ನು ಮನುಷ್ಯ ಕಣ್ಣಾರೆ ಅಳೆದದ್ದು ಅದೇ ಮೊದಲು. ನಮ್ಮ 120 ಮಿಲಿಮೀಟರ್ ಪಾದರಸ ಎಂದರೆ ರಕ್ತವನ್ನು ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ನೂಕಬಲ್ಲ ಒತ್ತಡ. ಅದು 180 ಆದರೆ ಎರಡು ಮೀಟರ್ ದಾಟುತ್ತದೆ, ಆರಡಿ ಆಳಿನ ತಲೆಯ ಮೇಲೆ! ಮುನ್ನೂರು ಗ್ರಾಂ ತೂಕದ, ಮುಷ್ಟಿಯಷ್ಟು ದೊಡ್ಡದಾದ ಒಂದು ಅಂಗ ಈ ಕೆಲಸವನ್ನು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಾಡುತ್ತದೆ. ಮೈಗೆಲ್ಲ ರಕ್ತ ನೂಕುವ ಕೋಣೆಯಾದ ಎಡ ಹೃತ್ಕುಕ್ಷಿಯ ಒಳಗಿನ ಒತ್ತಡ, ಆ ರಕ್ತ ಸೇರುವ ಮಹಾಪಧಮನಿಯಲ್ಲಿರುವ ಒತ್ತಡವನ್ನು ಮೀರದ ಹೊರತು ಕವಾಟ ತೆರೆಯುವುದೇ ಇಲ್ಲ. ಹೊರಗಿನ ಒತ್ತಡ ಏರಿದಷ್ಟೂ ಒಳಗೆ ಹೆಚ್ಚು ಬಿಗಿಯಬೇಕು, ಪ್ರತಿ ಬಡಿತದಲ್ಲೂ, ನಿದ್ದೆಯಲ್ಲೂ.

ಈಗ ಪ್ರಶ್ನೆ. ಕೆಲಸ ಹೆಚ್ಚಾಯಿತು, ಆದರೆ ಹೊಸ ಕೋಶ ಹುಟ್ಟಿಸುವ ಶಕ್ತಿ ಹೃದಯಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅದು ಏನು ಮಾಡಬೇಕು?

ಇರುವ ಕೋಶಗಳನ್ನೇ ದಪ್ಪ ಮಾಡಿಕೊಳ್ಳುತ್ತದೆ! ಪ್ರತಿ ಸ್ನಾಯುಕೋಶದೊಳಗೆ ಸಾರ್ಕೊಮಿಯರ್ ಎಂಬ, ಸುಮಾರು ಎರಡು ಮೈಕ್ರೊಮೀಟರ್ ಉದ್ದದ, ಸಂಕುಚಿಸುವ ಪುಟ್ಟ ಘಟಕಗಳಿವೆ. ಒತ್ತಡ ಏರಿದಾಗ ಇಂಥ ಹೊಸ ಘಟಕಗಳು ಹಳೆಯವುಗಳ ಪಕ್ಕಪಕ್ಕದಲ್ಲಿ ಜೋಡಣೆಯಾಗುತ್ತವೆ. ಕೋಶ ಅಡ್ಡಡ್ಡಕ್ಕೆ ಬೆಳೆಯುತ್ತದೆ, ಗೋಡೆ ದಪ್ಪಗಟ್ಟುತ್ತದೆ. ಅದೇ, ಕವಾಟ ಸೋರಿ ರಕ್ತದ ಪ್ರಮಾಣ ಹೆಚ್ಚಾದ ಹೃದಯದಲ್ಲಿ ಹೊಸ ಘಟಕಗಳು ತುದಿಗೆ ತುದಿ ಸೇರಿ ಕೋಶ ಉದ್ದವಾಗುತ್ತದೆ, ಕೋಣೆ ಹಿಗ್ಗುತ್ತದೆ. ಬಂದ ಹೊರೆ ಯಾವ ಬಗೆಯದು ಎಂದು ಕೋಶಕ್ಕೆ ತಿಳಿಯುತ್ತದೆ ಎಂದಾಯಿತಲ್ಲ! ಇನ್ನೂ ಬೆರಗಿನ ಸಂಗತಿ ಇದೆ. ಗೋಡೆಯ ಮೇಲೆ ಬೀಳುವ ಎಳೆತ ಎಷ್ಟು ಎಂಬುದಕ್ಕೆ ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಹೆಸರಿನ ಒಂದು ಸೂತ್ರವಿದೆ: ಒತ್ತಡ ಮತ್ತು ಕೋಣೆಯ ತ್ರಿಜ್ಯ ಹೆಚ್ಚಿದರೆ ಎಳೆತ ಹೆಚ್ಚುತ್ತದೆ, ಗೋಡೆಯ ದಪ್ಪ ಹೆಚ್ಚಿದರೆ ಕಡಿಮೆಯಾಗುತ್ತದೆ. 1975ರಲ್ಲಿ ವಿಲಿಯಂ ಗ್ರಾಸ್‌ಮನ್ ಮತ್ತು ಸಂಗಡಿಗರು ರೋಗಿಗಳ ಹೃದಯಗಳಲ್ಲಿ ಅಳೆದು ನೋಡಿದರೆ, ಒತ್ತಡ ಎಷ್ಟು ಏರಿತ್ತೋ ಅದನ್ನು ಸರಿದೂಗಿಸುವಷ್ಟೇ ಗೋಡೆ ದಪ್ಪವಾಗಿತ್ತು. ಎಳೆತ ಆರೋಗ್ಯವಂತರಲ್ಲಿ ಇರುವಷ್ಟೇ ಇತ್ತು. ಯಾರೂ ಕಲಿಸದ ಗಣಿತವನ್ನು ಹೃದಯ ಮಾಡಿ ಮುಗಿಸಿತ್ತು!

ಗರಡಿಮನೆಯಲ್ಲಿ ಸಾಮು ಮಾಡಿದ ಪೈಲ್ವಾನನ ತೋಳು ಉಬ್ಬಿದ ಹಾಗೆ ತಾನೇ, ಒಳ್ಳೆಯದೇ ಆಯಿತಲ್ಲ ಎನ್ನಿಸಬಹುದು. ಇಲ್ಲಿಯೇ ಕಥೆ ತಿರುಗುವುದು. ಪೈಲ್ವಾನ ಸಾಮು ಮುಗಿಸಿ ಮೈ ಒರೆಸಿಕೊಂಡು ಹಾಲು ಕುಡಿದು ಮಲಗುತ್ತಾನೆ. ಏರಿದ ಬಿ.ಪಿ.ಯ ಕೆಳಗಿರುವ ಹೃದಯಕ್ಕೆ ಬಿಡುವೇ ಇಲ್ಲ. ಆಟಗಾರರ ಹೃದಯವೂ ದಪ್ಪವಾಗುತ್ತದೆ, ಆದರೆ ಜೊತೆಗೆ ಸೂಕ್ಷ್ಮ ರಕ್ತನಾಳಗಳೂ ಬೆಳೆಯುತ್ತವೆ, ಗೋಡೆ ಮೃದುವಾಗಿಯೇ ಉಳಿಯುತ್ತದೆ. ಬಿ.ಪಿ.ಯ ಹೃದಯದಲ್ಲಿ ಸ್ನಾಯು ಬೆಳೆದ ವೇಗಕ್ಕೆ ಲೋಮನಾಳಗಳು ಬೆಳೆಯುವುದಿಲ್ಲ. ದಪ್ಪನೆಯ ಕೋಶದ ನಟ್ಟನಡುವಿಗೆ ಆಮ್ಲಜನಕ ತಲುಪಲು ದೂರ ಹೆಚ್ಚಾಗುತ್ತದೆ. ಕೋಶಗಳ ಸಂದಿಗಳಲ್ಲಿ ಕೊಲಾಜನ್ ಎಂಬ ನಾರು ತುಂಬಿಕೊಳ್ಳತೊಡಗುತ್ತದೆ. ಆರೋಗ್ಯವಂತ ಎಡ ಹೃತ್ಕುಕ್ಷಿಯ ಗೋಡೆ ಒಂದು ಸೆಂಟಿಮೀಟರಿನ ಆಸುಪಾಸು. ಇಲ್ಲಿ ಅದು 12, 14, 16 ಮಿಲಿಮೀಟರ್ ಆಗುತ್ತ ಹೋಗುತ್ತದೆ. ದಪ್ಪವೂ ಹೌದು, ಪೆಡಸೂ ಹೌದು.

ಪೆಡಸಾದರೆ ಏನಾಯಿತು, ಬಲವಾಗಿ ಹಿಂಡಿದರೆ ಸಾಲದೇ? ಸಾಲದು! ಈ ವಿಷಯದಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ ಮಾತು ಇದೇ: ಹೃದಯಕ್ಕೆ ಹಿಂಡಲು ಹೇಗೆ ಶಕ್ತಿ ಬೇಕೋ ಸಡಿಲವಾಗುವುದಕ್ಕೂ ಹಾಗೆಯೇ ಶಕ್ತಿ ಬೇಕು. ಬಿಗಿಯುವಾಗ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಬಿಡಬೇಕಾದರೆ ಆ ಕ್ಯಾಲ್ಸಿಯಮ್ಮನ್ನು ಹಿಡಿದು ತಿರುಗಿ ಅಟ್ಟಬೇಕು, ಅದಕ್ಕೆ ಎಟಿಪಿ ಎಂಬ ಇಂಧನ ತೆರಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಏಕೆಂದು ಯೋಚಿಸಿದ್ದೀರಾ? ಇಂಧನ ಮುಗಿದು ಸ್ನಾಯುಗಳಿಗೆ ಬಿಡಲಾಗದೆ ಹೋಗುವುದರಿಂದ! ಎಡ ಹೃತ್ಕುಕ್ಷಿ ಸಡಿಲವಾದಾಗಲೇ ಅದರೊಳಗೆ ರಕ್ತ ತುಂಬುವುದು. ಅದರ ಗೋಡೆಗೆ ಕೊರೊನರಿ ನಾಳಗಳಿಂದ ರಕ್ತ ಹರಿಯುವುದೂ ಬಹುಪಾಲು ಆಗಲೇ, ಏಕೆಂದರೆ ಬಿಗಿದಾಗ ಗೋಡೆಯೊಳಗಿನ ನಾಳಗಳನ್ನು ಹೃದಯವೇ ಅದುಮಿಬಿಡುತ್ತದೆ. ಸಡಿಲವಾಗಲಾರದ ಹೃದಯಕ್ಕೆ ರಕ್ತ ತುಂಬಿಸಲು ಹಿಂದಿನಿಂದ ಹೆಚ್ಚು ಒತ್ತಡ ಬೇಕು. ಆ ಒತ್ತಡ ಎಡ ಹೃತ್ಕರ್ಣಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ತಾಗುತ್ತದೆ. ಮನುಷ್ಯ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾನೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ವರದಿಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ ಶೇ. 60 ಎಂದು ಬರುತ್ತದೆ, ಹಿಂಡುವ ಶಕ್ತಿ ಪೂರ್ತಿ ಸರಿ! ಜಗತ್ತಿನಲ್ಲಿ ಹೃದಯ ವೈಫಲ್ಯ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರದ್ದು ಇಂಥದೇ, ಹಿಂಡಬಲ್ಲ, ಆದರೆ ಸಡಿಲವಾಗಲಾರದ ಹೃದಯ. ಹಿಗ್ಗಿದ ಹೃತ್ಕರ್ಣದಲ್ಲಿ ಲಯ ತಪ್ಪುತ್ತದೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹಾರಿ ಲಕ್ವ ಹೊಡೆಯುವುದೂ ಉಂಟು. ಇಷ್ಟೆಲ್ಲ ಆಗುವವರೆಗೆ ಆ ಮನುಷ್ಯನಿಗೆ ಒಂದು ತಲೆನೋವೂ ಬಂದಿರದೆ ಇರಬಹುದು!

ಬಿ.ಪಿ.ಗೂ ಈ ದಪ್ಪ ಹೃದಯಕ್ಕೂ ಗಂಟು ಹಾಕಿದ ಜಾಣರು ಯಾರು? ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1836ರಲ್ಲಿ ಕಿಡ್ನಿ ಕಾಯಿಲೆಯಿಂದ ಸತ್ತವರ ಹೃದಯಗಳನ್ನು ತೆರೆದು ನೋಡಿ, ಕವಾಟದಲ್ಲಿ ದೋಷವಿಲ್ಲದಿದ್ದರೂ ಎಡ ಭಾಗ ಇಷ್ಟು ದಪ್ಪವಾಗಿದೆಯಲ್ಲ ಎಂದು ಅಚ್ಚರಿಪಟ್ಟ. ಅದಾದ ಮೇಲೆ ಅದೇ ಆಸ್ಪತ್ರೆಗೆ ಬಂದ ಇನ್ನೊಬ್ಬನ ಹೆಸರು ಕೇಳಿ: ಫ್ರೆಡರಿಕ್ ಅಕ್ಬರ್ ಮಹಮದ್! ಅವನ ಅಜ್ಜ ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್, 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆ ತೆರೆದ, ಆಮೇಲೆ ಬ್ರೈಟನ್ನಿನಲ್ಲಿ ಸ್ನಾನಗೃಹ ನಡೆಸಿದ ಸಾಹಸಿ. ಮೊಮ್ಮಗ ವಿದ್ಯಾರ್ಥಿಯಾಗಿದ್ದಾಗಲೇ ನಾಡಿಯ ಅಲೆಯನ್ನು ಕಾಗದದ ಮೇಲೆ ಗೀಚುವ ಯಂತ್ರವನ್ನು ಸುಧಾರಿಸಿದ. 1870ರ ದಶಕದಲ್ಲಿ ಅವನು ಕಂಡದ್ದು ಆ ಕಾಲದ ಬಹುಪಾಲು ವೈದ್ಯರ ಊಹೆಗೆ ಸಿಕ್ಕಿರಲಿಲ್ಲ: ಕಿಡ್ನಿ ಸರಿಯಾಗಿದ್ದವರಲ್ಲೂ, ನೋಡಲು ಆರೋಗ್ಯವಾಗಿ ಓಡಾಡುತ್ತಿರುವವರಲ್ಲೂ ರಕ್ತದೊತ್ತಡ ಏರಿರಬಹುದು, ರೋಗ ಅಲ್ಲಿಂದಲೇ ಶುರುವಾಗಬಹುದು! ಮೂವತ್ತೈದರ ಪ್ರಾಯದಲ್ಲಿ, 1884ರಲ್ಲಿ, ಟೈಫಾಯ್ಡ್ ಅವನನ್ನು ಕೊಂಡೊಯ್ದಿತು. ಇಂದು ಕೋಟ್ಯಂತರ ಜನರ ಚೀಟಿಯ ಮೇಲೆ ಬರೆಯುವ ಕಾಯಿಲೆಯನ್ನು ಮೊದಲು ಗುರುತಿಸಿದವರಲ್ಲಿ ಒಬ್ಬ ನಮ್ಮ ಮೂಲದವನು ಎಂಬುದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಬರಬೇಕಾದ ಮಾತು.

1896ರಲ್ಲಿ ಇಟಲಿಯ ರಿವಾ-ರೋಚ್ಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನೂ ಪಾದರಸದ ಕಂಬವನ್ನೂ ಜೋಡಿಸಿದ. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆಥೊಸ್ಕೋಪ್ ಇಟ್ಟು ಕೇಳಿದ. ಸರಾಗ ಹರಿಯುವ ರಕ್ತಕ್ಕೆ ಸದ್ದಿಲ್ಲ, ಪೂರ್ತಿ ನಿಂತ ರಕ್ತಕ್ಕೂ ಸದ್ದಿಲ್ಲ. ಅರ್ಧ ಅದುಮಿದ ನಾಳದಲ್ಲಿ ಮಾತ್ರ ‘ಟಪ್ ಟಪ್’! ಆ ಸದ್ದು ಶುರುವಾಗುವ ಅಂಕಿ, ಮುಗಿಯುವ ಅಂಕಿ, ಇವೆರಡೇ ನಿಮ್ಮ ಚೀಟಿಯಲ್ಲಿ ಬರೆಯುವ ಮೇಲಿನದು, ಕೆಳಗಿನದು.

ಅಳತೆ ಸಿಕ್ಕಿತು. ಆದರೆ ಮದ್ದು ಕೊಡಬೇಕೆಂದು ವೈದ್ಯರಿಗೇ ಅನ್ನಿಸಿರಲಿಲ್ಲ! ಗಡುಸಾದ ನಾಳಗಳ ಮೂಲಕ ರಕ್ತ ಹರಿಯಬೇಕಾದರೆ ಒತ್ತಡ ಏರಲೇಬೇಕು, ಅದನ್ನು ಇಳಿಸಿದರೆ ಕೇಡು ಎಂದು 1930ರ ದಶಕದ ಘಟಾನುಘಟಿಗಳೇ ನಂಬಿದ್ದರು. ಆ ನಂಬಿಕೆಯ ಬೆಲೆ ಎಷ್ಟು ಎಂಬುದನ್ನು ಜಗತ್ತು ಒಬ್ಬ ಮನುಷ್ಯನಲ್ಲಿ ಕಂಡಿತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ 1941ರಲ್ಲಿ ಬಿ.ಪಿ. 188/105. ಅವರ ವೈದ್ಯರು ಎಲ್ಲ ಸರಿಯಿದೆ ಎನ್ನುತ್ತಲೇ ಇದ್ದರು. 1944ರ ಮಾರ್ಚಿನಲ್ಲಿ ಹೋವರ್ಡ್ ಬ್ರೂನ್ ಎಂಬ ಯುವ ಹೃದ್ರೋಗ ತಜ್ಞ ಪರೀಕ್ಷಿಸಿದಾಗ ಒತ್ತಡ 186/108, ಎಕ್ಸ್‌-ರೇಯಲ್ಲಿ ಹಿಗ್ಗಿದ ಹೃದಯ, ಶ್ವಾಸಕೋಶದಲ್ಲಿ ನೀರಿನ ಸದ್ದು! ಹೃದಯ ಸೋಲತೊಡಗಿತ್ತು, ಎರಡನೆಯ ಮಹಾಯುದ್ಧ ಉತ್ತುಂಗದಲ್ಲಿತ್ತು. ಬ್ರೂನ್ ಡಿಜಿಟಾಲಿಸ್ ಕೊಟ್ಟ, ಉಪ್ಪು ಕಡಿಮೆ ಮಾಡಿಸಿದ, ವಿಶ್ರಾಂತಿ ಹೇಳಿದ. ಹೃದಯ ಸ್ವಲ್ಪ ಚೇತರಿಸಿಕೊಂಡಿತು. ಒತ್ತಡ ಇಳಿಸುವ ಮದ್ದು ಮಾತ್ರ ಆಗ ಅವನ ಕೈಯಲ್ಲಿ ಇರಲಿಲ್ಲ. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕ್ಕೆಂದು ಕುಳಿತಿದ್ದ ರೂಸ್‌ವೆಲ್ಟ್ ತಲೆ ವಿಪರೀತ ನೋಯುತ್ತಿದೆ ಎಂದು ಕುಸಿದರು. ಆಗ ಅಳೆದ ಒತ್ತಡ 300/190. ಅಧಿಕಾರ, ಹಣ, ಆಸ್ಪತ್ರೆ ಎಲ್ಲ ಇದ್ದೂ, ಇಂದು ನಮ್ಮ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಒಂದು ಮಾತ್ರೆ ಅವರಿಗೆ ಸಿಗಲಿಲ್ಲ!

ಅದೇ ದಿನಗಳಲ್ಲಿ, ಅದೇ ದೇಶದಲ್ಲಿ, ಯಾರೂ ನಿರೀಕ್ಷಿಸದ ಕಡೆಯಿಂದ ಒಂದು ಪವಾಡದಂಥ ಸುದ್ದಿ ಬರುತ್ತಿತ್ತು. ನಾತ್ಸಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯ ಸೇರಿದ್ದ ವೈದ್ಯ ವಾಲ್ಟರ್ ಕೆಂಪ್ನರ್, ಕಿಡ್ನಿ ಸೋತವರಿಗೆ ಅನ್ನ ಮತ್ತು ಹಣ್ಣಿನ ಪಥ್ಯ ಕೊಡುತ್ತಿದ್ದ. ಹೌದು, ಅನ್ನ! ಉಪ್ಪಿಲ್ಲದ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ, ಅಷ್ಟೇ. 1942ರಲ್ಲಿ ಮೂವತ್ತಮೂರು ವರ್ಷದ ಹೆಣ್ಣುಮಗಳೊಬ್ಬಳಿಗೆ ಎರಡು ವಾರ ಹೀಗೆ ಉಂಡು ಬಾ ಎಂದು ಹೇಳಿ ಕಳಿಸಿದ. ಅವನ ಜರ್ಮನ್ ಉಚ್ಚಾರ ಆಕೆಗೆ ಅರ್ಥವಾಗಲಿಲ್ಲ. ಎರಡು ತಿಂಗಳು ಉಂಡಳು! ತಿರುಗಿ ಬಂದಾಗ 190/120 ಇದ್ದ ಒತ್ತಡ 124/84ಕ್ಕೆ ಇಳಿದಿತ್ತು. ಕಣ್ಣಿನ ಒಳಪದರದ ರಕ್ತಸ್ರಾವ ಮಾಯವಾಗಿತ್ತು. ಎಕ್ಸ್‌-ರೇ ತೆಗೆದರೆ, ಅಬ್ಬಾ, ಹೃದಯದ ನೆರಳು ಚಿಕ್ಕದಾಗಿತ್ತು! ಮುಂದೆ ಒಬ್ಬರಾದ ಮೇಲೆ ಒಬ್ಬರಲ್ಲಿ ಇದೇ ಕಂಡಿತು. ಹಿಗ್ಗಿದ ಹೃದಯ ಹಿಗ್ಗಿಯೇ ಉಳಿಯಬೇಕಿಲ್ಲ, ಹೊರೆ ಇಳಿಸಿದರೆ ಅದು ಹಿಂದಿರುಗಬಲ್ಲದು ಎಂಬುದಕ್ಕೆ ಇವು ಮೊಟ್ಟಮೊದಲ ಚಿತ್ರಸಾಕ್ಷಿಗಳಲ್ಲಿ ಸೇರಿವೆ. ಆ ಪಥ್ಯ ಬಲು ಕಠಿಣ, ವೈದ್ಯರ ಕಣ್ಗಾವಲಿಲ್ಲದೆ ಮಾಡುವಂಥದಲ್ಲ. ಆದರೆ ಅದು ತೋರಿದ ದಾರಿ ನಿಜ.

ಮದ್ದು ಎಲ್ಲಿಂದ ಬಂತು? ನಮ್ಮ ಕಾಡಿನಿಂದ! ಪಶ್ಚಿಮ ಘಟ್ಟದ ನೆರಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ಹಾವಿನ ಕಡಿತಕ್ಕೆ, ಹುಚ್ಚಿಗೆ, ನಿದ್ದೆ ಬಾರದವರಿಗೆ ನಾಟಿ ವೈದ್ಯರು ತಲೆತಲಾಂತರದಿಂದ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಮೇಲಿನ ತಮ್ಮ ಅಧ್ಯಯನವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಪಶ್ಚಿಮದ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿತು. 1957ರಲ್ಲಿ ವಕೀಲ್ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ಇದರ ಮುಂದಿನ ಅಧ್ಯಾಯ ಇನ್ನೂ ರೋಚಕ. ಒತ್ತಡ ಇಳಿಸಿದರೆ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಪುರಾವೆ ಬೇಕಿತ್ತು. ಎಡ್ವರ್ಡ್ ಫ್ರೈಸ್ ಎಂಬ ವೈದ್ಯ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಕೆಳಗಿನ ಅಂಕಿ 115ರಿಂದ 129 ಇದ್ದ 143 ಗಂಡಸರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಸತ್ವವಿಲ್ಲದ ಮಾತ್ರೆ ಕೊಟ್ಟ. ನಿಜವಾದ ಮಾತ್ರೆಯಲ್ಲಿ ಇದ್ದದ್ದು ಮೂತ್ರ ಹೆಚ್ಚಿಸುವ ಥಯಾಜೈಡ್, ಹೈಡ್ರಾಲಜೀನ್, ಮತ್ತು ನಮ್ಮ ಸರ್ಪಗಂಧದ ರಿಸರ್ಪಿನ್! 1967ರಲ್ಲಿ ಫಲಿತಾಂಶ ಬಂತು. ಸತ್ವವಿಲ್ಲದ ಮಾತ್ರೆ ನುಂಗಿದವರಲ್ಲಿ 27 ಗಂಭೀರ ಅನಾಹುತಗಳು. ಮದ್ದು ನುಂಗಿದವರಲ್ಲಿ 2. ಮೂರು ವರ್ಷದ ನಂತರ, ಒತ್ತಡ ಅಷ್ಟೇನೂ ಏರದ 380 ಮಂದಿಯ ಲೆಕ್ಕ ಬಂತು. ಹೃದಯ ವೈಫಲ್ಯ: ಸತ್ವವಿಲ್ಲದ ಮಾತ್ರೆಯ ಕಡೆ 11, ಮದ್ದಿನ ಕಡೆ ಸೊನ್ನೆ. ಸೊನ್ನೆ! ವೈದ್ಯಶಾಸ್ತ್ರದಲ್ಲಿ ಇಷ್ಟು ನಿಚ್ಚಳವಾಗಿ ಮಾತಾಡುವ ಅಂಕಿಗಳು ಅಪರೂಪ. ಮ್ಯಾಸಚೂಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದ 5,209 ಜನರನ್ನು 1948ರಿಂದ ಬೆನ್ನುಹತ್ತಿದ ಅಧ್ಯಯನವೂ ಇದಕ್ಕೆ ಬೆಂಬಲ ಕೊಟ್ಟಿತು: ಹೃದಯ ವೈಫಲ್ಯಕ್ಕೆ ಒಳಗಾದ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಅದಕ್ಕೂ ಮೊದಲೇ ಬಿ.ಪಿ. ಇತ್ತು ಎಂದು 1996ರಲ್ಲಿ ಅವರು ಬರೆದರು.

ಇಷ್ಟಕ್ಕೇ ಮುಗಿಯಿತೇ? ಇಲ್ಲ! ಒತ್ತಡ ಇಳಿಸಿದರೆ ಗೋಡೆ ತೆಳುವಾಗುತ್ತದೆ, ಸರಿ, ಲೆಕ್ಕ ಸುಲಭ ಎಂದುಕೊಂಡವರಿಗೆ 1974ರಲ್ಲಿ ಕ್ಲೀವ್‌ಲ್ಯಾಂಡಿನ ಇಲಿಗಳು ಅಚ್ಚರಿ ಕಾದಿರಿಸಿದ್ದವು. ಅಲ್ಲಿನ ಸುಭಾ ಸೇನ್, ರಾಬರ್ಟ್ ತರಾಜಿ ಮತ್ತು ಸಂಗಡಿಗರು ಹುಟ್ಟಿನಿಂದಲೇ ಬಿ.ಪಿ. ಏರುವ ತಳಿಯ ಇಲಿಗಳಿಗೆ ಎರಡು ಬೇರೆ ಮದ್ದು ಕೊಟ್ಟರು. ಮೀಥೈಲ್‌ಡೋಪಾ ಕೊಟ್ಟ ಇಲಿಗಳ ಹೃದಯ ತೆಳುವಾಯಿತು. ಹೈಡ್ರಾಲಜೀನ್ ಕೊಟ್ಟ ಇಲಿಗಳಲ್ಲಿ ಒತ್ತಡ ಚೆನ್ನಾಗಿಯೇ ಇಳಿಯಿತು, ಹೃದಯ ಮಾತ್ರ ದಪ್ಪವಾಗಿಯೇ ಉಳಿಯಿತು! ಅಂದರೆ ಹೃದಯಕ್ಕೆ ದಪ್ಪವಾಗು ಎಂದು ಆಜ್ಞೆ ಕೊಡುವುದು ಒತ್ತಡ ಒಂದೇ ಅಲ್ಲ. ನರಗಳೂ ಹಾರ್ಮೋನುಗಳೂ ಆ ಆಜ್ಞೆ ಕೊಡುತ್ತವೆ. ಮುಖ್ಯವಾದದ್ದು ಆಂಜಿಯೊಟೆನ್ಸಿನ್: ಅದು ನಾಳಗಳನ್ನು ಬಿಗಿಯುತ್ತದೆ, ಹೃದಯದ ಕೋಶಕ್ಕೆ ನೇರವಾಗಿ ಬೆಳೆ ಎನ್ನುತ್ತದೆ, ಕೊಲಾಜನ್ ನಾರು ಹೆಣೆಯುವ ಕೋಶಗಳನ್ನು ಎಬ್ಬಿಸುತ್ತದೆ.

ಆಂಜಿಯೊಟೆನ್ಸಿನ್ ತಯಾರಾಗದಂತೆ ತಡೆಯುವ ಕೀಲಿ ಸಿಕ್ಕಿದ್ದು ಹಾವಿನ ಬಾಯಲ್ಲಿ! ಬ್ರೆಜಿಲ್ಲಿನ ಜರರಾಕಾ ಎಂಬ ಮಂಡಲ ಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಪಾತಾಳಕ್ಕೆ ಕುಸಿಯುತ್ತದೆ. ಬ್ರೆಜಿಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ ಆ ವಿಷದ ಸಾರವನ್ನು ಕಟ್ಟಿಕೊಂಡು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಹೋದ. ಅದರಲ್ಲಿನ ಪುಟ್ಟ ಪೆಪ್ಟೈಡುಗಳು ಆಂಜಿಯೊಟೆನ್ಸಿನ್ ತಯಾರಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ ಎಂದು ತಿಳಿಯಿತು. ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ವಿಷದ ಸುಳಿವು ಹಿಡಿದು, ಬಾಯಲ್ಲಿ ನುಂಗಬಹುದಾದ ಒಂದು ಪುಟ್ಟ ಅಣುವನ್ನು 1975ರಲ್ಲಿ ಕಟ್ಟಿದರು: ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇಂದಿನ ಎನಲಾಪ್ರಿಲ್, ರಾಮಿಪ್ರಿಲ್ ಎಲ್ಲ ಅದರ ಕುಲದವೇ. ಟೆಲ್ಮಿಸಾರ್ಟನ್, ಲೊಸಾರ್ಟನ್‌ಗಳು ಅದೇ ಆಂಜಿಯೊಟೆನ್ಸಿನ್ ಕೆಲಸವನ್ನು ಇನ್ನೊಂದು ಬಾಗಿಲಲ್ಲಿ ತಡೆಯುತ್ತವೆ. ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಇವುಗಳಲ್ಲಿ ಒಂದು ಇರಬಹುದು, ತೆರೆದು ನೋಡಿ!

ಮದ್ದಿನ ಆಯ್ಕೆ ಹೃದಯಕ್ಕೆ ಎಷ್ಟು ಮುಖ್ಯ ಎಂಬುದು ಮನುಷ್ಯರಲ್ಲೂ ಸಾಬೀತಾಯಿತು. ಆಲ್‌ಹ್ಯಾಟ್ ಎಂಬ ಭಾರೀ ಪ್ರಯೋಗದಲ್ಲಿ ಡೊಕ್ಸಾಜೊಸಿನ್ ಎಂಬ ಬಿ.ಪಿ. ಮದ್ದು ನುಂಗಿದವರಲ್ಲಿ, ಹಳೆಯ ಅಗ್ಗದ ಕ್ಲೋರ್‌ಥಾಲಿಡೋನ್ ನುಂಗಿದವರಿಗಿಂತ ಹೃದಯ ವೈಫಲ್ಯ ಎರಡು ಪಟ್ಟು ಕಂಡಿತು, ಬಿ.ಪಿ.ಯಲ್ಲಿದ್ದ ಅಂತರ ತೀರಾ ಸಣ್ಣದು. 2000ದಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಸಿಜಿಯಲ್ಲಿ ಹೃದಯ ದಪ್ಪಗಟ್ಟಿದ್ದ 9,193 ಜನರ ಮೇಲೆ ನಡೆದ ಲೈಫ್ ಎಂಬ ಅಧ್ಯಯನ 2002ರಲ್ಲಿ ಬಂತು. ಅಟೆನೊಲಾಲ್, ಲೊಸಾರ್ಟನ್ ಎರಡೂ ಒತ್ತಡವನ್ನು ಹೆಚ್ಚುಕಡಿಮೆ ಒಂದೇ ಸಮ ಇಳಿಸಿದವು, ಆದರೆ ಹೃದಯದ ದಪ್ಪವನ್ನು ಹೆಚ್ಚು ಇಳಿಸಿದ್ದು ಲೊಸಾರ್ಟನ್. ಲಕ್ವವೂ ಅದರಲ್ಲಿ ಕಾಲುಭಾಗ ಕಡಿಮೆ. ಮುಂದೆ ಲೆಕ್ಕ ತೆಗೆದಾಗ, ಯಾರ ಹೃದಯದ ದಪ್ಪ ಕರಗಿತೋ ಅವರಲ್ಲಿ ಸಾವೂ ಕಡಿಮೆಯಾಗಿತ್ತು. ಗೋಡೆ ತೆಳುವಾಗುವುದು ಬರೀ ಚಿತ್ರದ ಚೆಂದವಲ್ಲ, ಆಯುಷ್ಯ!

ವಯಸ್ಸಾಯಿತು, ಇನ್ನೇನು ಮಾತ್ರೆ ಎನ್ನುವ ಅಜ್ಜ ಅಜ್ಜಿಯರಿಗೆ ಒಂದು ಸಿಹಿಸುದ್ದಿ. 80 ದಾಟಿದ 3,845 ಜನರ ಮೇಲೆ ನಡೆದ ಹೈವೆಟ್ ಅಧ್ಯಯನದಲ್ಲಿ ಹೃದಯ ವೈಫಲ್ಯ ಶೇ. 64ರಷ್ಟು ಇಳಿಯಿತು, ಸಾವು ಶೇ. 21ರಷ್ಟು. ಎಂಬತ್ತರ ಹೃದಯವೂ ಮದ್ದಿಗೆ ಓಗೊಡುತ್ತದೆ! 2015ರ ಸ್ಪ್ರಿಂಟ್ ಅಧ್ಯಯನದಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ ಹೃದಯ ವೈಫಲ್ಯ ಇನ್ನೂ ಶೇ. 38ರಷ್ಟು ಕಡಿಮೆ. ಹಾಗೆಂದು ಎಲ್ಲರಿಗೂ ಎಷ್ಟಾದರೂ ಇಳಿಸಬಹುದೆಂದಲ್ಲ. ಎಚ್ಚರ ತಪ್ಪುವುದು, ಕಿಡ್ನಿಗೆ ತೊಂದರೆ ಅಲ್ಲಿ ಹೆಚ್ಚಾಗಿಯೇ ಕಂಡವು. ಹೃದಯದ ಗೋಡೆಗೆ ರಕ್ತ ಹರಿಯುವುದು ಸಡಿಲವಾದಾಗ ಎಂದೆನಲ್ಲ. ಕೊರೊನರಿ ನಾಳ ಕಟ್ಟಿಕೊಂಡವರಲ್ಲಿ ಕೆಳಗಿನ ಅಂಕಿ ವಿಪರೀತ ಇಳಿದರೆ ಆ ಹರಿವಿಗೇ ಕುತ್ತು. ಯಾರಿಗೆ ಎಷ್ಟು ಎಂಬುದನ್ನು ವೈದ್ಯರೇ ತೂಗಬೇಕು.

ಏರಿದ ಒತ್ತಡಕ್ಕೆ ಬಗ್ಗದ ಹೃದಯವೂ ಇದೆ. ಮೈಸೂರಿನ ಮೃಗಾಲಯಕ್ಕೆ ಹೋದಾಗ ಜಿರಾಫೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಅಷ್ಟೆತ್ತರದ ಮಿದುಳಿಗೆ ರಕ್ತ ಏರಿಸಲು ಅದರ ಒತ್ತಡ ನಮ್ಮ ಎರಡರಷ್ಟು! ಎಡ ಹೃತ್ಕುಕ್ಷಿಯ ಗೋಡೆ ಬಲು ದಪ್ಪ. ಆದರೂ ಅಲ್ಲಿ ನಮ್ಮಲ್ಲಿ ಆಗುವ ಹಾಗೆ ನಾರು ತುಂಬುವುದಿಲ್ಲ, ಹೃದಯ ಸೋಲುವುದಿಲ್ಲ. 2021ರಲ್ಲಿ ವಿಜ್ಞಾನಿಗಳು ಜಿರಾಫೆಯಲ್ಲಿ ವಿಶೇಷವಾಗಿ ಬದಲಾಗಿರುವ ಎಫ್‌ಜಿಎಫ್‌ಆರ್‌ಎಲ್1 ಎಂಬ ಜೀನನ್ನು ಇಲಿಗಳಲ್ಲಿ ಅದೇ ರೀತಿ ತಿದ್ದಿ, ಅವಕ್ಕೆ ಆಂಜಿಯೊಟೆನ್ಸಿನ್ ಚುಚ್ಚಿದರು. ಸಾಮಾನ್ಯ ಇಲಿಗಳ ಬಿ.ಪಿ. ಏರಿತು, ಹೃದಯ, ಕಿಡ್ನಿ ಕೆಟ್ಟವು. ಜಿರಾಫೆಯ ಜೀನು ಪಡೆದ ಇಲಿಗಳು ಬಹುಮಟ್ಟಿಗೆ ಪಾರಾದವು! ನಾಳೆಯ ಮಾತ್ರೆಯ ಸುಳಿವು ಅಲ್ಲಿ ಅಡಗಿರಬಹುದೇನೋ.

ನಮಗೆ ಜಿರಾಫೆಯ ಜೀನು ಇಲ್ಲ, ಮಾತ್ರೆ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಭಾರತದಲ್ಲಿ 15 ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಮಂದಿಗೆ ಬಿ.ಪಿ. ಏರಿದೆ ಅಥವಾ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೆ ನಾವು ತಿನ್ನುವುದು ಸುಮಾರು 8 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿ ಎಲ್ಲ ಸೇರಿ.

ಮೂವತ್ತು ದಾಟಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಸರ್ಕಾರದ ‘ನಮ್ಮ ಕ್ಲಿನಿಕ್‌’ನಲ್ಲೋ ಒಮ್ಮೆ ತೋಳು ಚಾಚಿ ಅಳೆಸಿಕೊಳ್ಳಿ. ಬಿ.ಪಿ. ನಾರ್ಮಲ್ ಬಂತೆಂದು ನೀವಾಗಿಯೇ ಮಾತ್ರೆ ಬಿಡಬೇಡಿ. ನಾರ್ಮಲ್ ಬಂದಿರುವುದೇ ಆ ಮಾತ್ರೆಯಿಂದ. ಎಕೋ ಮಾಡಿಸಿದ್ದರೆ ವರದಿಯನ್ನು ಜೋಪಾನವಾಗಿಡಿ, ‘ಎಡ ಹೃತ್ಕುಕ್ಷಿಯ ಗೋಡೆ ಎಷ್ಟು ಮಿಲಿಮೀಟರ್ ದಪ್ಪ ಇದೆ ಡಾಕ್ಟ್ರೇ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ತಪ್ಪದೆ ಮಾತ್ರೆ ನುಂಗಿ, ಉಪ್ಪು ಇಳಿಸಿ, ವೈದ್ಯರು ಮತ್ತೆ ಎಕೋ ಮಾಡಿಸಲು ಹೇಳಿದಾಗ ಹೊಸ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿ.